ದಂಡ ಹಾಕುವ ಕಚೇರಿಯಲ್ಲೇ ಮಾಸ್ಕ್ ಗದ್ದದ ಮೇಲಿದ್ದದ್ದೇಕೆ?

ಪ್ರಶ್ನೆ:
2020ರ ಅಕ್ಟೋಬರ್ ಕೊನೆಯಲ್ಲಿ ಪಹಣಿ ತಿದ್ದುಪಡಿಗಾಗಿ ತಂದೆಯವರನ್ನು ತಾಲ್ಲೂಕು ಕಚೇರಿಗೆ ಕರೆದೊಯ್ದಿದ್ದೆ. ಮಾಸ್ಕ್ ಮೂಗಿನಿಂದ ಜಾರಿದೆಯೆಂದು ಬಾಗಿಲಲ್ಲೇ ಅವರಿಗೆ 100 ರೂಪಾಯಿ ದಂಡ ಹಾಕಿದರು. ಒಳಗಿದ್ದ ಗುಮಾಸ್ತರ ಮಾಸ್ಕ್ ಗದ್ದದ ಮೇಲಿತ್ತು. ಅವರು ನಾಲಿಗೆಗೆ ಬೆರಳು ತಾಗಿಸಿ ನಮ್ಮ ಕಾಗದಗಳನ್ನು ತಿರುವುತ್ತಿದ್ದರು. ಆ ನಿಯಮಗಳನ್ನು ಸರ್ಕಾರಿ ನೌಕರರು ಮನಸ್ಸಿನಿಂದ ಒಪ್ಪಿದ್ದರೇ? ಆಗ ಕೆಲಸದಲ್ಲಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬಸ್ ನಿರ್ವಾಹಕ):
ನಾನು ಒಪ್ಪಿದ್ದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ ಇದ್ದುದರಿಂದ ನನಗೆ ಭಯವೂ ಇತ್ತು. ಆದರೆ 2020ರ ಮೇ 19ರಂದು ಬಸ್ಸುಗಳು ಮತ್ತೆ ಹೊರಟಾಗ ಒಂದು ಬಸ್ಸಿಗೆ 30 ಜನರೆಂದು ಮಿತಿ ಹಾಕಿದ್ದರು. ಸಂಜೆಯ ಕೊನೆಯ ಬಸ್ಸಿನಲ್ಲಿ ಮೂವತ್ತು ಜನ ತುಂಬಿದ ಮೇಲೆ, ಕಂಕುಳಲ್ಲಿ ಮಗು ಎತ್ತಿಕೊಂಡು ರಸ್ತೆಯ ಪಕ್ಕ ನಿಂತ ತಾಯಿಯನ್ನು ಬಿಟ್ಟು ಸೀಟಿ ಊದುವುದು ನನ್ನಿಂದ ಆಗಲಿಲ್ಲ, ಹತ್ತಿಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮಾಸ್ಕ್ ಬೆವರಿನಲ್ಲಿ ತೊಯ್ದು ಮುಖಕ್ಕೆ ಅಂಟುತ್ತಿತ್ತು. ಇಂಜಿನ್ ಸದ್ದಿನಲ್ಲಿ ನಿಲ್ದಾಣದ ಹೆಸರು ಕೂಗಿದರೆ ಯಾರಿಗೂ ಕೇಳಿಸದ ಕಾರಣ ಅದನ್ನು ಕೆಳಗಿಳಿಸಿದ್ದೂ ಉಂಟು. ಅದು ತಪ್ಪೇ.

ಉತ್ತರ 2 (ಪುರಸಭೆಯ ಸಿಬ್ಬಂದಿ):
ದಂಡದ ರಸೀದಿ ಪುಸ್ತಕ ನನ್ನ ಕೈಯಲ್ಲಿತ್ತು. ಆ ಅಕ್ಟೋಬರ್ ಆರಂಭದಲ್ಲಿ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ 1,000, ಉಳಿದೆಡೆ 500 ರೂಪಾಯಿಗೆ ಏರಿದ್ದ ದಂಡ ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಯಿತು. ಐನೂರು ಕಟ್ಟಿದ್ದ ತರಕಾರಿ ವ್ಯಾಪಾರಿಯೊಬ್ಬರು ರಸೀದಿ ತಂದು, ಉಳಿದ ನಾನೂರನ್ನು ಹಿಂದಿರುಗಿಸಿ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಿಯಮದ ಮೇಲಿನ ನಂಬಿಕೆ ನನ್ನಲ್ಲಿ ಸಡಿಲವಾದದ್ದು ಆ ದಿನ. ಆಮೇಲೆ ಬಡವರನ್ನು ಕಂಡರೆ ಎಚ್ಚರಿಕೆ ಹೇಳಿ, ನನ್ನ ಚೀಲದಲ್ಲಿದ್ದ ಬಟ್ಟೆಯ ಮಾಸ್ಕ್ ಕೊಟ್ಟು ಕಳಿಸುತ್ತಿದ್ದೆ.

ಪ್ರಶ್ನೆ ಕೇಳಿದವರು:
ನಿಮ್ಮಿಬ್ಬರ ಕಷ್ಟ ಮನಸ್ಸಿಗೆ ನಾಟಿತು. ಆದರೆ ಕಚೇರಿಯಲ್ಲಿ ಇಂಜಿನ್ ಸದ್ದೂ ಇರಲಿಲ್ಲ, ಕೊನೆಯ ಬಸ್ಸಿನ ಅವಸರವೂ ಇರಲಿಲ್ಲ. ಅಲ್ಲಿನವರ ನಡತೆಗೆ ಕಾರಣವೇನು?

ಉತ್ತರ 3 (ಕಂದಾಯ ಇಲಾಖೆಯ ನಿವೃತ್ತ ನೌಕರ):
ಕಾರಣ ರೂಢಿ. ನಿಯಮ ಇರುವುದು ಕಿಟಕಿಯ ಆಚೆ ನಿಂತವರಿಗೆ ಎಂದೇ ನಮ್ಮಲ್ಲಿ ಅನೇಕರು ಭಾವಿಸಿದ್ದರು. ಮೇಲಧಿಕಾರಿಗಳು ಬರುವ ಸುದ್ದಿ ಸಿಕ್ಕ ಕೂಡಲೇ ಎಲ್ಲರ ಮಾಸ್ಕ್ ಮೂಗಿಗೇರುತ್ತಿತ್ತು, ಜೀಪು ಗೇಟು ದಾಟಿದೊಡನೆ ಮತ್ತೆ ಇಳಿಯುತ್ತಿತ್ತು, ನನ್ನದೂ ಅಷ್ಟೇ. ನೀರು ಹಾಕಿ ಒದ್ದೆ ಮಾಡಿಟ್ಟ ಸ್ಪಂಜಿನ ಡಬ್ಬಿ ಮೇಜಿನ ಮೇಲೇ ಇದ್ದರೂ ನಾನು ಬೆರಳನ್ನು ನಾಲಿಗೆಗೇ ತಾಗಿಸುತ್ತಿದ್ದೆ. ನಿಮ್ಮ ತಂದೆಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ.