ಕಾರ್ಡ್ ಆಮೇಲೆ ನೋಡೋಣ, ಮೊದಲು ಡಬ್ಬಿ ಬಿಚ್ಚಿ

ಅತ್ತಿಗೆ, ನಿಮ್ಮ ಮೆಸೇಜು, ಪುಟ್ಟ ಕಳಿಸಿದ ಫೋಟೊ ಎರಡನ್ನೂ ಈಗಷ್ಟೇ ನೋಡಿದೆ. ಮಾತಾಡಿಯೇ ಕಳಿಸೋಣ ಎಂದರೆ ಪಾಪು ಈಗ ತಾನೆ ಮಲಗಿದೆ, ಅದಕ್ಕೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತು ಓದಿ. ಪುಟ್ಟನಿಗೂ ಓದಿಸಿ. ಗ್ರೂಪಿನಲ್ಲಿ ಉಳಿದವರು ಬೈದುಕೊಳ್ಳಬೇಡಿ, ನಾಳೆ ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬರುತ್ತದೆ.

ನೀವು ಕೇಳಿದ್ದು ಇಷ್ಟು ಅಲ್ವಾ? ಭಾವ ತಂದುಕೊಟ್ಟ ಆ ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ ಟವರ್‌ಗೆ ಪುಟ್ಟ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಎನ್ನುತ್ತಿದ್ದಾನೆ. ಬ್ಲೆಂಡರ್ ಅಂತ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಕಲಿಯೋಕೆ ಬೇಕು, ಜೊತೆಗೆ ಗೇಮ್ಸ್. (ಯಾವುದು ಮೊದಲು ಅಂತ ನಮಗೆಲ್ಲ ಗೊತ್ತು, ಇರಲಿ.) ಅಂಗಡಿಯವರು ‘ಆರಾಮಾಗಿ ಕೂರುತ್ತೆ’ ಅಂದಿದ್ದಾರೆ. ಅಡ್ವಾನ್ಸ್ ಏನೂ ಕೊಟ್ಟಿಲ್ಲ ತಾನೆ? ಕೊಡಬೇಡಿ. ಕೂರುವುದೇನೋ ಕೂರಬಹುದು, ಓಡುವುದಿಲ್ಲ.

ಪುಟ್ಟ ಕಳಿಸಿದ ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ. ಹಿಂದುಗಡೆ ತಗಡಿನ ಡಬ್ಬಿ ಮೇಲೆ ಸ್ಟಿಕರ್ ಇದೆಯಲ್ಲ, ಅದು ಪವರ್ ಸಪ್ಲೈ. ಅದರ ಮೇಲೆ 260 ವಾಟ್ ಎಂದಿದೆ. ಇಡೀ ಕಂಪ್ಯೂಟರ್‌ಗೆ ಅಷ್ಟೇ. ಆಫೀಸಿನಲ್ಲಿ ಎಕ್ಸೆಲ್ ಮಾಡುವವರಿಗೆ ಅಂತ ತಯಾರಾದ ಮಷೀನು, ಅವರಿಗೆ ಅದು ಧಾರಾಳ. ಆದರೆ 3060 ಒಂದೇ 170 ವಾಟ್ ಎಳೆಯುತ್ತದೆ. ಇದಕ್ಕೆ 550 ವಾಟ್ ಪವರ್ ಸಪ್ಲೈ ಇಟ್ಟುಕೊಳ್ಳಿ ಅಂತ ಅದರ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯವರೇ ಹೇಳಿದ್ದಾರೆ. ಇನ್ನೊಂದು ವಿಷಯ. ಮದರ್‌ಬೋರ್ಡಿನಲ್ಲಿ ಕಾರ್ಡ್ ಚುಚ್ಚುವ ಸ್ಲಾಟ್ ಇದೆಯಲ್ಲ, ಅದು ಕೊಡುವುದು ಜಾಸ್ತಿ ಅಂದರೆ 75 ವಾಟ್. ಉಳಿದದ್ದಕ್ಕೆ ಪವರ್ ಸಪ್ಲೈನಿಂದ ಬೇರೆ ವೈರ್ ಬರಬೇಕು, ಆರು ಪಿನ್ನಿನದು ಅಥವಾ ಎಂಟು ಪಿನ್ನಿನದು. ಫೋಟೊದಲ್ಲಿ ಹುಡುಕಿದೆ, ಅಂಥ ವೈರೇ ಇಲ್ಲ. ಆನೆ ತರುವ ಮೊದಲು ಮೇವು ಎಲ್ಲಿದೆ ಅಂತ ನೋಡಬೇಕು ಪುಟ್ಟ.

‘ಹಾಗಾದರೆ ಪವರ್ ಸಪ್ಲೈ ಬದಲಾಯಿಸಿದರೆ ಆಯಿತು’ ಎನ್ನುತ್ತಾನೆ ನೋಡಿ ಈಗ. ನಾವೇ ಜೋಡಿಸಿದ ಕಂಪ್ಯೂಟರ್ ಆಗಿದ್ದರೆ ಆಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಮಾಮೂಲಿ ಪವರ್ ಸಪ್ಲೈಗೆ 24 ಪಿನ್ನಿನ ದೊಡ್ಡ ಪ್ಲಗ್ ಇರುತ್ತದೆ. ನಿಮ್ಮ ಮಷೀನಿನ ಬೋರ್ಡಿನಲ್ಲಿ ಆ ಜಾಗವೇ ಇಲ್ಲ, ಕಂಪನಿಯವರದೇ ಬೇರೆ ಚಿಕ್ಕ ಪ್ಲಗ್. ನಡುವೆ ಹಾಕುವ ಕನ್ವರ್ಟರ್ ವೈರ್ ಸಿಗುತ್ತದೆ, ಹಾಕಿಕೊಂಡವರೂ ಇದ್ದಾರೆ. ಆದರೆ ಡಬ್ಬಿಯ ಅಳತೆ ಹೊಂದಬೇಕು, ಸ್ಕ್ರೂ ತೂತು ಹೊಂದಬೇಕು. ಗುಂಡಿ ಸಿಕ್ಕಿತು ಅಂತ ಅಂಗಿ ಹೊಲಿಸಿದ ಹಾಗೆ. ನನ್ನನ್ನು ಕೇಳಿದರೆ ಬೇಡ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ಕಾಲೇಜಿನಲ್ಲಿದ್ದಾಗ ನಾನೂ ಇಂಥದ್ದೇ ಒಂದು ಆಫೀಸ್ ಟವರ್‌ಗೆ ಆರು ಪಿನ್ನಿನ ಕಾರ್ಡ್ ತಂದೆ. ವೈರ್ ಇಲ್ಲ ಎಂದಾಗ ಅಂಗಡಿಯವನು ಒಂದು ಅಡಾಪ್ಟರ್ ಕೊಟ್ಟ, ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ಪ್ಲಗ್ಗಿನಿಂದ ಆರು ಪಿನ್ನಿಗೆ. ಎಷ್ಟು ಸುಲಭ ಅಂತ ಖುಷಿಪಟ್ಟೆ. ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಮಷೀನು ಗಪ್ಪಂತ ಆಫ್. ಮತ್ತೆ ಆನ್, ಮತ್ತೆ ಆಫ್. ಮೂರನೇ ದಿನ ಅಮ್ಮ ಅಡುಗೆಮನೆಯಿಂದ ಕೂಗಿದಳು, ‘ಏನೋ ಸುಟ್ಟ ವಾಸನೆ’ ಅಂತ. ಬಿಚ್ಚಿ ನೋಡಿದರೆ ಬಿಳಿ ಪ್ಲಗ್ಗು ಒಂದು ಬದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿ, ಹಳದಿ ವೈರಿನ ಬುಡ ಮೆತ್ತಗಾಗಿತ್ತು. ಆಮೇಲೆ ಗೊತ್ತಾಯಿತು, ಸಾಟಾ ಪ್ಲಗ್ಗಿನ 12 ವೋಲ್ಟಿನ ಪಿನ್ನುಗಳು ತಡೆಯುವುದು ಸುಮಾರು 54 ವಾಟ್. ಆರು ಪಿನ್ ಕೇಳುವುದು 75ರವರೆಗೆ. ಯಾರಾದರೂ ಆ ಅಡಾಪ್ಟರ್ ತೋರಿಸಿದರೆ ‘ನಮಸ್ಕಾರ’ ಹೇಳಿ ಹೊರಗೆ ಬನ್ನಿ.

ಸರಿ, ಏನು ಹಾಕಿಸಬಹುದು? ಸ್ಲಾಟಿನ 75 ವಾಟಿನಲ್ಲೇ ಬದುಕುವ ಕಾರ್ಡುಗಳಿವೆ, ಹೊರಗಿನ ವೈರ್ ಬೇಡ. ಅದರಲ್ಲಿ ನಾನು ಹೇಳುವುದು ಆರ್‌ಟಿಎಕ್ಸ್ 3050, 6 ಜಿಬಿಯದು. 2024ರಲ್ಲಿ ಬಂತು, 70 ವಾಟ್. ಇಲ್ಲೊಂದು ಮೋಸ ಇದೆ, ಗಮನ ಇರಲಿ. ಅದೇ ಹೆಸರಿನಲ್ಲಿ 2022ರ 8 ಜಿಬಿ ಕಾರ್ಡೂ ಇದೆ. ಅದಕ್ಕೆ 130 ವಾಟ್ ಬೇಕು, ಬೇರೆ ವೈರೂ ಬೇಕು. ‘ಎರಡು ಜಿಬಿ ಜಾಸ್ತಿ ಇದೆ ಸರ್, ಇದೇ ತಗೊಳ್ಳಿ’ ಎಂದರೆ ತಲೆ ಆಡಿಸಬೇಡಿ. ಬಾಕ್ಸ್ ಮೇಲೆ ಓದುವುದಷ್ಟೇ ಸಾಲದು. ಕಾರ್ಡ್ ಕೈಗೆ ತಗೊಂಡು ಮೇಲಿನ ಅಂಚು ನೋಡಿ, ಪಿನ್ ಚುಚ್ಚುವ ಕಪ್ಪು ಗೂಡು ಇರಬಾರದು.

ದುಡ್ಡು ಜಾಸ್ತಿಯಾಯಿತು ಎನ್ನಿಸಿದರೆ ಜಿಟಿಎಕ್ಸ್ 1650, 4 ಜಿಬಿ. 2019ರದು, ಗೇಮ್ಸಿಗೆ ಇವತ್ತಿಗೂ ತಕ್ಕಮಟ್ಟಿಗೆ ಸಾಕು. ಇದರಲ್ಲೂ ಕೆಲವಕ್ಕೆ ಆರು ಪಿನ್ ಇರುತ್ತದೆ, ಅಂಚು ನೋಡಿಯೇ ತಗೊಳ್ಳಿ. ಇನ್ನೊಂದು ಕಂಪನಿ ಎಎಂಡಿಯ ಆರ್‌ಎಕ್ಸ್ 6400 ಬರೀ 53 ವಾಟ್, ಕೇಳೋಕೆ ಚೆನ್ನಾಗಿದೆ. ಆದರೆ ಅದು ಸ್ಲಾಟಿನಲ್ಲಿ ಡೇಟಾ ಓಡಾಡುವ ಹದಿನಾರು ದಾರಿಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತದೆ. ನಿಮ್ಮದು ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0 (ಆ ಸ್ಲಾಟಿನ ಹಳೇ ತಲೆಮಾರು) ಬೋರ್ಡು, ಅದರಲ್ಲಿ ಇನ್ನೂ ಸೊರಗುತ್ತದೆ. 1050 ಟಿಐ ಬೇಡವೇ ಬೇಡ. 2016ರ ಸರಕು, ಹೊಸ ಗೇಮುಗಳಿಗೆ ಅಂತ ಬರುತ್ತಿದ್ದ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಅದಕ್ಕೆ 2025ಕ್ಕೇ ನಿಂತುಹೋಯಿತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಅಂತ ಭಾವ ಬರೆದಿದ್ದಾರೆ. ಸಿಗುತ್ತದೆ ಭಾವ, ಇಲ್ಲ ಎನ್ನುವುದಿಲ್ಲ. ಆದರೆ ಎದುರಿಗೇ ಹಾಕಿಸಿ, ಕಾಲು ಗಂಟೆ ಓಡಿಸಿ ನೋಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಹತ್ತು ಹದಿನೈದು ವರ್ಷದ ಹಳೇ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರುವವರಿದ್ದಾರೆ. ಅಂಥದ್ದನ್ನು ಅದು ಎಷ್ಟೋ ಸಲ ‘ಫೇಕ್’ ಅಂತ ಬರೆದೇ ತೋರಿಸುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಒಂದು ಮಾತು ಮರೆತಿದ್ದೆ. ಪುಟ್ಟ, ರ್‍ಯಾಮ್ ಎಷ್ಟಿದೆ ನೋಡು. ಫೋಟೊದಲ್ಲಿ ಒಂದೇ ಕಡ್ಡಿ ಕಾಣುತ್ತಿದೆ, 8 ಜಿಬಿ ಇರಬೇಕು. ಅದರ ಪಕ್ಕ ಅಂಥದ್ದೇ ಇನ್ನೊಂದು 8 ಜಿಬಿ ಹಾಕಿಸು. ಕಾರ್ಡಿಗೆ ಮೊದಲು ಇದನ್ನು ಮಾಡು ಎಂದೇ ಹೇಳುತ್ತೇನೆ. ಬ್ಲೆಂಡರ್ ತೆರೆದು, ಕ್ರೋಮಿನಲ್ಲಿ ಇಪ್ಪತ್ತು ಟ್ಯಾಬ್ ಇಟ್ಟುಕೊಂಡರೆ 8 ಜಿಬಿಗೆ ಉಸಿರುಗಟ್ಟುತ್ತದೆ. ಪ್ರೊಸೆಸರ್ ಐ5 8500, ಆರು ಕೋರ್, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಯುಪಿಎಸ್ ಕೂಡ ಸಾಕಾಗುತ್ತದೆ. ಮನೆಯಲ್ಲಿರುವ ಆ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ತಡೆಯುತ್ತದೆ.

ಹಾಕುವುದು ಕಷ್ಟವೇನಲ್ಲ, ಪುಟ್ಟನೇ ಹಾಕಲಿ. ಶಟ್‌ಡೌನ್ ಮಾಡಿ ವೈರ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿ, ಉಳಿದ ಕರೆಂಟ್ ಹೋಗಲಿ. ಒಳಗಿನ ಧೂಳನ್ನು ಪೇಂಟ್ ಬ್ರಷ್ಷಿನಿಂದ ಮೆಲ್ಲಗೆ ತೆಗಿ, ಬಾಯಿಂದ ಊದಬೇಡ. ಬರಿ ತಗಡನ್ನು ಒಮ್ಮೆ ಮುಟ್ಟಿ ಆಮೇಲೆ ಕಾರ್ಡ್ ಮುಟ್ಟು. ಪ್ರೊಸೆಸರಿನ ಫ್ಯಾನ್ ಹತ್ತಿರ ಇರುವ ಉದ್ದನೆಯ ಸ್ಲಾಟ್ ನಿನ್ನದು. ಹಿಂದಿನ ತಗಡಿನ ಪಟ್ಟಿ ಎರಡು ತೆಗೆಯಬೇಕು, ಏಕೆಂದರೆ ಇಂಥ ಕಾರ್ಡುಗಳು ಹೆಚ್ಚಾಗಿ ಎರಡು ಪಟ್ಟಿಯಷ್ಟು ದಪ್ಪ. ಚಿನ್ನದ ಬಣ್ಣದ ಅಂಚನ್ನು ನೇರ ಹಿಡಿದು, ಎರಡು ಹೆಬ್ಬೆರಳಿನಲ್ಲಿ ಎರಡೂ ತುದಿ ಒಂದೇ ಸಮ ಒತ್ತು. ಸ್ಲಾಟಿನ ತುದಿಯ ಚಿಕ್ಕ ಕೊಂಡಿ ‘ಟಕ್’ ಎನ್ನಬೇಕು. ಆ ಸದ್ದು ಬರದಿದ್ದರೆ ಕೂತಿಲ್ಲ ಎಂದೇ ಲೆಕ್ಕ. ಮುಂದೆ ಎಂದಾದರೂ ತೆಗೆಯುವಾಗ ಆ ಕೊಂಡಿ ಒತ್ತದೆ ಎಳೆದರೆ ಸ್ಲಾಟೇ ಮುರಿದೀತು, ಹುಷಾರು.

ಆಮೇಲೆ ಮಾನಿಟರ್ ವೈರನ್ನು ಹೊಸ ಕಾರ್ಡಿಗೆ ಚುಚ್ಚಬೇಕು, ಮೊದಲಿದ್ದ ಜಾಗಕ್ಕಲ್ಲ. ನಗಬೇಡಿ. ಹೋದ ವರ್ಷ ನಮ್ಮ ಆಫೀಸಿನ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಕಾರ್ಡ್ ಸತ್ತುಹೋಗಿದೆ ಸರ್’ ಎಂದ. ಒಂದು ಗಂಟೆ ಏನೇನೋ ಮಾಡಿಸಿದೆ, ಕೊನೆಗೆ ನೋಡಿದರೆ ವೈರು ಹಳೇ ತೂತಿನಲ್ಲೇ ಇತ್ತು. ಡ್ರೈವರನ್ನು ಎನ್‌ವಿಡಿಯಾ ಸೈಟಿನಿಂದಲೇ ಇಳಿಸಿಕೋ.

ಈ ವೈರಿನ ವಿಷಯಕ್ಕೇ ಅತ್ತಿಗೆ, ನಿಮ್ಮ ಮಾನಿಟರ್ ಹಳೆಯದಲ್ವಾ? ನೀಲಿ ಬಣ್ಣದ ವಿಜಿಎ ಪ್ಲಗ್ ಮಾತ್ರ ಇದ್ದರೆ ಈ ಕಾರ್ಡುಗಳಿಗೆ ನೇರ ಹೊಂದುವುದಿಲ್ಲ, ಎಚ್‌ಡಿಎಂಐಯಿಂದ ವಿಜಿಎಗೆ ಚಿಕ್ಕ ಕನ್ವರ್ಟರ್ ಬೇಕಾಗುತ್ತದೆ. ಹಾಗಾಗಿ ದುಡ್ಡು ಕೊಡುವ ಮೊದಲು ನನಗೆ ಎರಡು ಫೋಟೊ ಬೇಕು. ಒಂದು, ಮಾನಿಟರಿನ ಹಿಂಭಾಗ. ಇನ್ನೊಂದು, ಕ್ಯಾಬಿನೆಟ್ ಒಳಗೆ, ಹಿಂದಿನ ತಗಡಿನಿಂದ ಮುಂದೆ ಹಾರ್ಡ್ ಡಿಸ್ಕ್ ಅಡ್ಡ ಬರುವ ಜಾಗದವರೆಗೆ ನಿಮ್ಮ ಹೊಲಿಗೆ ಟೇಪ್ ಹಿಡಿದು. ಟೇಪಿನ ಅಂಕಿ ಕಾಣಬೇಕು, ಪುಟ್ಟನ ಮುಖ ಬೇಡ.