ಸಹಾಯ ಬೇಕು: ಸಾಂಟಾ ಫೆಯಲ್ಲಿ ಯಾವ ಕಡೆ ತಂಗುವುದು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಡಾಲಸ್‌ನಲ್ಲಿರುವ ನಾವು, ಮೈಸೂರಿನಿಂದ ಬಂದಿರುವ ಅತ್ತೆ ಮಾವನವರನ್ನು ಅಕ್ಟೋಬರ್‌ನ ಒಂದು ವಾರಾಂತ್ಯಕ್ಕೆ ನ್ಯೂ ಮೆಕ್ಸಿಕೋದ ಸಾಂಟಾ ಫೆಗೆ ಕರೆದೊಯ್ಯಬೇಕೆಂದಿದ್ದೇವೆ. ಅವರ ಮದುವೆಗೆ ಐವತ್ತು ವರ್ಷ ತುಂಬುತ್ತಿರುವುದರಿಂದ ಈ ಸಲ ಖರ್ಚಿಗೆ ಹಿಂದೆಮುಂದೆ ನೋಡುವುದಿಲ್ಲ.

ಅಲ್ಬುಕರ್ಕಿವರೆಗೆ ವಿಮಾನ, ಅಲ್ಲಿಂದ ಸುಮಾರು 100 ಕಿ.ಮೀ. ಬಾಡಿಗೆ ಕಾರು ಎಂದು ನಿಶ್ಚಯಿಸಿದ್ದಾಗಿದೆ. ತೊಡಕಿರುವುದು ವಸತಿಯದು. ಊರ ನಡುವಿನ ಚೌಕವಾದ ಪ್ಲಾಜಾದ ಮೂಲೆಯಲ್ಲೇ ಇರುವ ಲಾ ಫೊಂಡಾದಂಥ ಹಳೆಯ ಹೋಟೆಲಿನಲ್ಲಿ ಉಳಿದರೆ, 1610ರ ಸುಮಾರಿಗೆ ಸ್ಪೇನಿನವರು ಕಟ್ಟಿಸಿದ ಹಳೆಯ ಆಡಳಿತ ಭವನ ಪ್ಯಾಲೇಸ್ ಆಫ್ ದಿ ಗವರ್ನರ್ಸ್‌ಗೂ, ಅದರ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಬಟ್ಟೆ ಹಾಸಿ ಮಾರುವ ಬೆಳ್ಳಿ ಮತ್ತು ಟರ್ಕಾಯ್ಸ್ ಎಂಬ ನೀಲಿ-ಹಸಿರು ಕಲ್ಲಿನ ಒಡವೆಗಳಿಗೂ ಅತ್ತೆಯವರು ನಡೆದೇ ಹೋಗಬಹುದು (ಅವರನ್ನು ಅಲ್ಲಿಂದ ಎಬ್ಬಿಸುವುದು ಬೇರೆ ಮಾತು). ಊರ ಹೊರಗಿನ ಬೆಟ್ಟದ ರೆಸಾರ್ಟುಗಳಲ್ಲಾದರೆ ಕೋಣೆಯಲ್ಲೇ ಕಟ್ಟಿಗೆ ಉರಿಯುವ ಮಣ್ಣಿನ ಅಗ್ಗಿಷ್ಟಿಕೆ, ಸ್ಪಾ, ನಿಶ್ಶಬ್ದ ಎಲ್ಲವೂ ಇವೆ. ಆದರೆ ನಗರವೇ ಸುಮಾರು 7,000 ಅಡಿ ಎತ್ತರದಲ್ಲಿರುವಾಗ, ರಕ್ತದೊತ್ತಡವಿರುವ ಮಾವನವರನ್ನು ಇನ್ನೂ ಮೇಲಕ್ಕೆ ಕರೆದೊಯ್ಯಲು ಅಳುಕಾಗುತ್ತಿದೆ. ವೈದ್ಯರನ್ನು ಕೇಳಿಯೇ ಹೊರಡುತ್ತೇವೆ.

ಹಿರಿಯರೊಂದಿಗೆ ಹೋಗಿಬಂದವರು ಎಲ್ಲಿ ಉಳಿದಿರಿ, ಮೊದಲ ದಿನ ಉಸಿರಾಟಕ್ಕೆ ತೊಂದರೆಯಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಇವರಿಬ್ಬರೂ ಶುದ್ಧ ಸಸ್ಯಾಹಾರಿಗಳು. ಅಲ್ಲಿನ ಹಸಿರು ಮೆಣಸಿನಕಾಯಿ ಸಾಸಿಗೆ ಹಂದಿಮಾಂಸ, ಬೇಯಿಸಿದ ಕಾಳಿಗೆ ಹಂದಿಯ ಕೊಬ್ಬು ಬೆರೆಸುವುದುಂಟಾದ್ದರಿಂದ, ಎರಡೂ ಇಲ್ಲದೆ ಮಾಡಿಕೊಡುವ ಉಪಾಹಾರ ಗೃಹ ಗೊತ್ತಿದ್ದರೆ ಅದರ ಹೆಸರನ್ನೂ ಬರೆಯಿರಿ.