ಕಡಲಿನ ಚಿತ್ರಕ್ಕೆ ಎರಡು ಗೋಡೆ, ಬೆಳಗಾವಿಯಲ್ಲೊಂದು ಕಾರವಾರದ ಕಡೆಗೊಂದು: ತಿಳಿದವರು ಹೇಳಿ

ಕೇಳಿದವರು: ಕಾಲೇಜಿನ ಎನ್ನೆಸ್ಸೆಸ್ ಅಧಿಕಾರಿ, ಬೆಳಗಾವಿ

ಜನವರಿಯಲ್ಲಿ ನಮ್ಮ ಶಿಬಿರ ಕಾರವಾರದ ಹತ್ತಿರದ ಮೀನುಗಾರರ ಊರಿನಲ್ಲಿದೆ. ಅಲ್ಲಿನ ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಊರಿನ ಮಕ್ಕಳನ್ನೂ ಸೇರಿಸಿಕೊಂಡು ಸಮುದ್ರ ಸಂರಕ್ಷಣೆಯ ಚಿತ್ರ ಬರೆಯಬೇಕು. ಗೋಡೆ 40 ಅಡಿ ಉದ್ದ, 8 ಅಡಿ ಎತ್ತರ. ಅದಕ್ಕೆ ಮೊದಲು, ಡಿಸೆಂಬರಿನಲ್ಲಿ, ಬೆಳಗಾವಿಯ ಒಂದು ಶಾಲೆಯಲ್ಲಿ ಅಷ್ಟೇ ಅಳತೆಯ ಗೋಡೆ ಸಿಕ್ಕಿದೆ. ಕೈ ಪಳಗಲಿ ಎಂದು ಅಲ್ಲೂ ಬರೆಸುತ್ತೇವೆ. ಬಣ್ಣ ಎಷ್ಟು ಬೇಕು, ಗೋಡೆ ಹೇಗೆ ತಯಾರಾಗಬೇಕು, ಏನು ಬಿಡಿಸಬೇಕು? ವರ್ಷದೊಳಗೆ ಚಕ್ಕೆ ಏಳಬಾರದು, ಅಷ್ಟೇ ಆಸೆ.

ಪೇಂಟಿಂಗ್ ಗುತ್ತಿಗೆದಾರರು, ಬಾಗಲಕೋಟೆ

ಮೇಡಂ, ಚಿತ್ರದ ಮಾತು ಆಮ್ಯಾಲೆ, ಮೊದಲ ಗ್ವಾಡಿ ನೋಡ್ರಿ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳಿ ನಾಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡ್ರಿ. ಒಂದು ನೆಲದ ಹತ್ರ, ಇನ್ನೊಂದು ಗ್ವಾಡಿ ತಲಿ ಹತ್ರ. ಹಾಳಿ ಒಳಗ ನೀರಿನ ಹನಿ ಕೂತಿದ್ರ ಗ್ವಾಡಿ ಹಸಿ ಐತಿ. ಕೆಳಗ ಹಸಿ ಇದ್ರ ನೆಲದ ನೀರು ಏರಾಕತ್ತೈತಿ, ಮ್ಯಾಲೆ ಹಸಿ ಇದ್ರ ತಲಿ ಬಿರುಕ ಬಿಟ್ಟೈತಿ. ತಲಿಗೆ ಸಿಮೆಂಟ್ ಹಾಕಿ ಒಂದು ಕಡೆ ಇಳಿಜಾರು ಮಾಡಿಸ್ರಿ. ಅದನ್ನ ಮಾಡದ ಬಣ್ಣಕ್ಕ ರೊಕ್ಕ ಹಾಕಿದ್ರ ಒಂದ ಮಳಿಗಾಲ, ಮುಗೀತು. ಹೊಸಾ ಪ್ಲಾಸ್ಟರ್ ಇದ್ರ 28 ದಿನ ಕಾಯ್ರಿ.

ಎರಡನೇದು ಸುಣ್ಣ. ಸಾಲಿ ಕಂಪೌಂಡಿಗೆ ವರ್ಷಾ ವರ್ಷ ಸುಣ್ಣ ಬಳದಿರ್ತಾರ. ಅಂಗೈಲೆ ತಿಕ್ಕಿದ್ರ ಬೆಳ್ಳಗ ಪುಡಿ ಹತ್ತಿತು ಅಂದ್ರ ಅದರ ಮ್ಯಾಲೆ ಏನೂ ಹಚ್ಚಬ್ಯಾಡ್ರಿ. ಬಣ್ಣ ಸುಣ್ಣಕ್ಕ ಹತ್ತಿರ್ತದ, ಗ್ವಾಡಿಗೆ ಅಲ್ಲ, ಹಪ್ಪಳದಂಗ ಎದ್ದು ಬರ್ತೈತಿ. ನೀರು ಹಾಕಿ ನೆನಸಿ, ತಂತಿ ಬ್ರಷ್‌ಲೆ ತಿಕ್ಕಿ, ತೊಳದು, ಎರಡು ದಿನ ಒಣಗಿಸ್ರಿ. ಹಳೇ ಆಯಿಲ್ ಪೇಂಟ್ ಇದ್ರ ಒಣಾ ಪಾಲಿಶ್ ಪೇಪರ್ ಹಾಕಿ ತಿಕ್ಕೂದು ಬ್ಯಾಡ, ಮಕ್ಕಳಂತೂ ಹತ್ರ ಬರಬಾರದು. ಬಣ್ಣದಾಗ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಾಗ 90 ಪಾಲು) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ದಾಗ. ಅದಕ್ಕಿಂತ ಹಳೇ ಬಣ್ಣದ ಧೂಳು ಒಳ್ಳೇದಲ್ಲ.

ಬಿಳೀ ಉಪ್ಪು ಉಬ್ಬಿದ್ದು ಕಂಡ್ರ, ನಮ್ಮ ಕಡೆ ಸವಳು ನೆಲದಾಗ ಇದು ಭಾಳ, ಒಣಾ ಬ್ರಷ್‌ಲೆ ಉದರಿಸಿ ತಗೀರಿ. ನೀರು ಹಾಕಿ ತೊಳದ್ರ ಉಪ್ಪು ಕರಗಿ ತಿರುಗಿ ಒಳಗ ಹೊಕ್ಕತೈತಿ.

ಪುಟ್ಟಿ ಇಡೀ ಗ್ವಾಡಿಗೆ ಬ್ಯಾಡ್ರಿ. ಬಿರುಕು, ಗುಂಡಿ ಇದ್ದಲ್ಲಿ ಅಷ್ಟ ಸಾಕು. ಅದೂ ವೈಟ್ ಸಿಮೆಂಟ್ ಪುಟ್ಟಿ, ಮನಿ ಒಳಗ ಹಚ್ಚೋ ಅಕ್ರಿಲಿಕ್ ಪುಟ್ಟಿ ಹೊರಗ ನಿಲ್ಲಂಗಿಲ್ಲ. 5 ಕೆ.ಜಿ. ಸಾಕು. ಆಮ್ಯಾಲೆ ಎಕ್ಸ್‌ಟೀರಿಯರ್ ಪ್ರೈಮರ್ (ಬಣ್ಣಕ್ಕಿಂತ ಮೊದಲ ಹಚ್ಚೋ ಅಡಿ ಪದರ) ಒಂದು ಕೋಟ್.

ಲೆಕ್ಕ: 320 ಚದರ ಅಡಿಗೆ ಪ್ರೈಮರ್ 4 ಲೀಟರ್. ಎಕ್ಸ್‌ಟೀರಿಯರ್ ಎಮಲ್ಷನ್ (ನೀರಿನಾಗ ಕಲಸೋ ಬಣ್ಣ) ಎರಡು ಕೋಟಿಗೆ ಲೀಟರಿಗೆ 50 ಚದರ ಅಡಿ ಹಿಡೀರಿ, ಹಿನ್ನೆಲಿಗೆ 6–7 ಲೀಟರ್ ಬೇಕು. ತಿಳಿ ನೀಲಿ 4, ಗಾಢ ನೀಲಿ 2, ಬಿಳಿ 2, ಹಸಿರು, ಕಾವಿ ಕೆಂಪು, ಕಾವಿ ಹಳದಿ, ಕಪ್ಪು ಒಂದೊಂದು ಲೀಟರ್. ಒಟ್ಟು 12. ಒಂದು ಗ್ವಾಡಿಯದು ಇದು, ಎರಡಕ್ಕ ದುಪ್ಪಟ್ಟು. ಗಾಢ ನೀಲಿನ ಅಂಗಡಿ ಮಷಿನ್‌ದಾಗ ಮಾಡಿಸ್ರಿ. ಬಿಳಿಗೆ ಸ್ಟೇನರ್ (ಬಣ್ಣ ಕೂಡಸೋ ಗಟ್ಟಿ ದ್ರಾವಣ) ಸುರದು ಗಾಢ ಮಾಡಾಕ ಹೋದ್ರ ಅದು ಒಣಗಂಗಿಲ್ಲ, ಮಳ್ಯಾಗ ಹರದು ಬರ್ತೈತಿ. ಲೀಟರಿಗೆ 30 ಮಿ.ಲೀ. ಮ್ಯಾಲೆ ಸ್ಟೇನರ್ ಬ್ಯಾಡ.

ಚಿತ್ರಕಲಾ ಶಿಕ್ಷಕರು, ವಿಜಯಪುರ

ಮೇಲಿನವರು ಹೇಳಿದ್ದಕ್ಕೆ ಬಣ್ಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಿಸಿಲಿಗೆ ಮೊದಲು ಸೋಲುವುದು ಹೊಳೆಯುವ ಕೆಂಪು, ನಿಂಬೆ ಹಳದಿ, ಗುಲಾಬಿ. ನೀಲಿ, ಹಸಿರು, ಕಪ್ಪು, ಕಾವಿ ಬಣ್ಣಗಳು ತಡೆಯುತ್ತವೆ. ಕಡಲಿನ ಚಿತ್ರಕ್ಕೆ ಬೇಕಾದದ್ದೂ ಇವೇ, ನಿಮ್ಮ ಅದೃಷ್ಟ. ಫ್ಲೋರೋಸೆಂಟ್ ಡಬ್ಬಿ ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಚಿತ್ರವನ್ನು ಗೋಡೆಗೆ ಏರಿಸಲು ಚೌಕದ ಮನೆ ಹಾಕುವುದೇ ಸುಲಭ. ಕಾಗದದಲ್ಲಿ 20 × 4 ಇಂಚಿಗೆ ಚಿತ್ರ ಬರೆದು ಇಂಚಿಗೊಂದು ಮನೆ ಮಾಡಿ. ಗೋಡೆಯಲ್ಲಿ 2 ಅಡಿಗೊಂದು ಮನೆ, ಒಟ್ಟು 80. ಗೆರೆಯನ್ನು ಸೀಮೆಸುಣ್ಣದ ಪುಡಿ ಹಚ್ಚಿದ ದಾರದಿಂದ ಹೊಡೆಯಿರಿ. ಪೆನ್ಸಿಲ್ ಬೇಡ, ತಿಳಿ ಬಣ್ಣದೊಳಗೆ ಬೂದಿ ಗೆರೆಯಾಗಿ ಕಾಣುತ್ತದೆ. ಒಂದೇ ಆಕೃತಿ ಹಲವು ಕಡೆ ಬೇಕಿದ್ದರೆ (ಮೀನಿನ ಹಿಂಡು ಅನ್ನಿ) ಕಾಗದದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ತೆಳು ಬಟ್ಟೆಯ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ಕಟ್ಟಿ ತಟ್ಟಿದರೆ ಚುಕ್ಕಿ ಇಳಿಯುತ್ತದೆ.

ಹಿನ್ನೆಲೆಯನ್ನು ದೊಡ್ಡವರು ರೋಲರ್‌ನಲ್ಲಿ ಮೊದಲೇ ಮುಗಿಸಿರಬೇಕು. ಮಕ್ಕಳು ಬರುವ ಹೊತ್ತಿಗೆ ಪ್ರತಿ ಆಕೃತಿಯೊಳಗೆ ಸೀಮೆಸುಣ್ಣದಲ್ಲಿ ಅಂಕಿ ಇರಲಿ. 1 ಅಂದರೆ ಗಾಢ ನೀಲಿ, 2 ಅಂದರೆ ಹಸಿರು, ಹೀಗೆ. ಒಬ್ಬರಿಗೆ 4 ಅಡಿ ಜಾಗ ಬೇಕು, 40 ಅಡಿಗೆ ಒಂದು ಸಲಕ್ಕೆ ಹತ್ತೇ ಮಕ್ಕಳು. ಅರ್ಧ ಗಂಟೆಗೊಂದು ತಂಡ. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಒಬ್ಬರ ಮೊಣಕೈ ಇನ್ನೊಬ್ಬರ ಹಸಿ ಬಣ್ಣದಲ್ಲಿ. ಮಕ್ಕಳದ್ದು ಕೆಳಗಿನ ನಾಲ್ಕು ಅಡಿ, ಏಣಿ ಏರುವುದು ದೊಡ್ಡವರು. ಬಣ್ಣವನ್ನು ಗರಟೆಯಲ್ಲಿ ಕಾಲುಭಾಗವಷ್ಟೇ ಕೊಡಿ. ಕಪ್ಪು ಹೊರಗೆರೆಯನ್ನು ಕೊನೆಯ ದಿನ, ಕೈ ನಡುಗದ ಇಬ್ಬರೋ ಮೂವರೋ ಎಳೆಯಲಿ. ಮಕ್ಕಳ ಕೆಲಸದ ಓರೆಕೋರೆಯೆಲ್ಲ ಅದರಲ್ಲಿ ಮುಚ್ಚುತ್ತದೆ.

ಅಕ್ಷರ ಬರೆಯುವುದಿದ್ದರೆ: 10 ಅಡಿ ದೂರಕ್ಕೆ ಒಂದು ಇಂಚು ಎತ್ತರ ಎಂದು ಹಿಡಿಯಿರಿ. 40 ಅಡಿ ಆಚೆ ರಸ್ತೆಯಿಂದ ಓದಬೇಕಾದರೆ ಕನಿಷ್ಠ 4 ಇಂಚು, ಅದೂ ಒತ್ತಕ್ಷರ ಬಿಟ್ಟು. ಸಾಲಿನ ಕೆಳಗೆ ಒತ್ತಿಗೆ ಜಾಗ ಬಿಡದೆ ‘ಸಂರಕ್ಷಣೆ’ ಅಂತ ಬರೆದು, ಷ ಒತ್ತು ಆಮೆಯ ಬೆನ್ನ ಮೇಲೆ ಕೂತ ಗೋಡೆಗಳಿವೆ. ಎಲ್ಲ ಮುಗಿದ ಮೂರು ದಿನಕ್ಕೆ ನೀರಿನಲ್ಲಿ ಕಲಸುವ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಎರಡು ಸಲ ಹೊಡೆಯಿರಿ.

ಪೇಂಟಿಂಗ್ ಗುತ್ತಿಗೆದಾರರು, ಬಾಗಲಕೋಟೆ

ಸರ, ಕ್ಲಿಯರ್ ಕೋಟ್ ಬೆಳಗಾವಿ ಗ್ವಾಡಿಗೆ ಒಪ್ಪೀನಿ, ಕಾರವಾರದ್ದಕ್ಕ ಬ್ಯಾಡ. ಅಲ್ಲಿ ಮಳಿಗಾಲದಾಗ ಗ್ವಾಡಿ ಹೊಟ್ಟಿತುಂಬ ನೀರು ಕುಡದಿರ್ತೈತಿ. ಮ್ಯಾಲೆ ಬಾಯಿ ಮುಚ್ಚಿದ್ರ ಬೆಳ್ಳಗ ಮಂಜ ಹಿಡದು ಗುಳ್ಳಿ ಏಳತಾವ. ಬರೇ ಎಮಲ್ಷನ್ ಆದ್ರ ಗ್ವಾಡಿ ಉಸಿರಾಡ್ತೈತಿ.

ಚಿತ್ರಕಲಾ ಶಿಕ್ಷಕರು, ವಿಜಯಪುರ

ಗೋಡೆಯ ಹಿಂದೆ ಮಣ್ಣು ತುಂಬಿದ್ದರೆ ನಿಮ್ಮ ಮಾತೇ ಸರಿ. ಎರಡೂ ಬದಿ ಗಾಳಿಯಾಡುವ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ಪಾಸಾದ ಗೋಡೆಗೆ ಹೊಡೆಯಬಹುದು ಎಂದು ಈಗಲೂ ಹೇಳುತ್ತೇನೆ. ಏನೇ ಆಗಲಿ ಆಯಿಲ್ ವಾರ್ನಿಶ್ ಬೇಡ. ವರ್ಷದೊಳಗೆ ನೀಲಿಯೆಲ್ಲ ಹಳದಿಗೆ ತಿರುಗಿ ಕೊಳದ ನೀರಿನಂತಾಗುತ್ತದೆ.

ಸಿವಿಲ್ ಎಂಜಿನಿಯರ್, ಊರು ಖಾನಾಪುರ, ಕೆಲಸ ಉತ್ತರ ಕನ್ನಡದಲ್ಲಿ

ಕರಾವಳಿಯ ಗೋಡೆಯ ಬಗ್ಗೆ. ಅಲ್ಲಿ ಕಂಪೌಂಡ್ ಬಹಳ ಕಡೆ ಚಿರೇಕಲ್ಲಿನದು. ಪ್ಲಾಸ್ಟರ್ ಇಲ್ಲದ ಚಿರೇಕಲ್ಲಿನ ಮೇಲೆ ಚಿತ್ರ ಬರೆಯಬೇಡಿ. ತೂತು ತೂತು ಕಲ್ಲು ಬಣ್ಣ ಕುಡಿಯುತ್ತದೆ, ಗೆರೆ ನಿಲ್ಲುವುದಿಲ್ಲ. ಪ್ಲಾಸ್ಟರ್ ಇರುವ ಗೋಡೆಯಲ್ಲಿ ಕಪ್ಪು ಪಾಚಿ, ಬೂಸ್ಟು ಇದ್ದೇ ಇರುತ್ತದೆ. ಅದರ ಮೇಲೆ ಪ್ರೈಮರ್ ಹೊಡೆದರೆ ಅಡಿಯಿಂದ ಮತ್ತೆ ಬರುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ನಾಲ್ಕು ಪಾಲು ನೀರು, ಗೋಡೆಗೆ ಹಚ್ಚಿ 20 ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಕೈಗವಸು ಬೇಕು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜತೆ ಯಾವ ಕಾರಣಕ್ಕೂ ಬೆರೆಸಬಾರದು, ವಿಷಗಾಳಿ ಏಳುತ್ತದೆ.

ಸಮುದ್ರದ ಗಾಳಿ ಗೋಡೆಯ ಮೇಲೆ ಉಪ್ಪಿನ ತೆಳು ಪದರ ಕೂರಿಸುತ್ತದೆ. ಪ್ರೈಮರ್‌ಗೆ ಮೊದಲು ಸಿಹಿನೀರಿನಿಂದ ತೊಳೆದು ಒಣಗಿಸಿ. ಎರಡು ಕೋಟಿನ ನಡುವೆ ನಾಲ್ಕೈದು ದಿನ ಕಳೆದರೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ಬಣ್ಣಕ್ಕೆ ಸೇರಿಸುವ ನೀರೂ ಕುಡಿಯುವ ನೀರೇ ಆಗಬೇಕು, ದಡದ ಬಾವಿಯ ಸವುಳು ನೀರಲ್ಲ. ಲೀಟರ್ ಬಣ್ಣಕ್ಕೆ 100–150 ಮಿ.ಲೀ. ನೀರು ಸಾಕು.

ವೇಳೆಯೂ ಎರಡೂ ಊರಿಗೆ ಒಂದೇ ಅಲ್ಲ. ಬೆಳಗಾವಿಯ ಡಿಸೆಂಬರಿನಲ್ಲಿ ಬೆಳಗಿನ ಮಂಜು ಆರಲಿ, ಒಂಬತ್ತೂವರೆ ಮೇಲೆ ಶುರು ಮಾಡಿ, ಸಂಜೆ ನಾಲ್ಕೂವರೆಗೆ ನಿಲ್ಲಿಸಿ. ಕಾರವಾರದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಾದರೆ ಮಧ್ಯಾಹ್ನದೊಳಗೆ ಮುಗಿಸಿ. ಕಾದ ಗೋಡೆಗೆ ಬಣ್ಣ ಹಚ್ಚಿದರೆ ಹಿಡಿಯುವ ಮೊದಲೇ ಒಣಗಿ, ಬ್ರಷ್‌ನ ಗೀರು ಉಳಿಯುತ್ತದೆ. ಎರಡು ಕೋಟಿನ ನಡುವೆ ಬೆಳಗಾವಿಯಲ್ಲಿ ನಾಲ್ಕು ಗಂಟೆ, ಅಲ್ಲಿ ಆರು.

ಇನ್ನು ರಾತ್ರಿ ಫೋಕಸ್ ಲೈಟ್ ಹಾಕಿ ಕೆಲಸ ಮುಗಿಸೋಣ ಅಂತ ಹುಡುಗರು ಹೇಳುತ್ತಾರೆ. ಗೋಡೆ ದಡಕ್ಕೆ ಕಾಣುವಂತಿದ್ದರೆ ಬೇಡ. ಜನವರಿ ಕಡಲಾಮೆ ಮೊಟ್ಟೆಯಿಡುವ ಕಾಲ. ಮರಿಗಳು ಬೆಳಕಿದ್ದ ಕಡೆಗೆ ಹರಿಯುತ್ತವೆ, ನೀರಿನ ಕಡೆಗಲ್ಲ.

ಜೀವಶಾಸ್ತ್ರ ಉಪನ್ಯಾಸಕಿ, ಬೆಳಗಾವಿ

ಏನು ಬಿಡಿಸಬೇಕು ಅನ್ನುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ ಕಿತ್ತಳೆ ಮೀನು, ನೀಲಿ ತಿಮಿಂಗಿಲ ಎರಡೂ ಬೇಡ. ಮೀನುಗಾರರ ಊರಿನಲ್ಲಿ ತಪ್ಪು ಮೀನು ಬರೆದರೆ ಮಕ್ಕಳೇ ನಗುತ್ತಾರೆ. ಬಂಗುಡೆ, ತಾರ್ಲೆ, ಇಸ್ವಾಣ ಬರೆಯಿರಿ. ಬಂಗುಡೆಯ ಬೆನ್ನಿನ ಮೇಲೆ ಕಪ್ಪು ಗೀಟಿರುತ್ತದೆ, ತಾರ್ಲೆಗೆ ಇರುವುದಿಲ್ಲ. ಕಾಳಿ ನದಿಯ ಅಳಿವೆ ಕಡೆ ಗೂನುಬೆನ್ನಿನ ಡಾಲ್ಫಿನ್ ಕಾಣುತ್ತದೆ, ಅದನ್ನು ಹಾಕಬಹುದು. ಹವಳ ಬೇಕೇ ಬೇಕು ಅಂದರೆ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪವನ್ನು ಹೆಸರಿಸಿ ಬರೆಯಿರಿ.

ಆಮೆಯಲ್ಲೇ ಹೆಚ್ಚು ತಪ್ಪಾಗುವುದು. ನಮ್ಮ ಮಕ್ಕಳು ಕೆರೆಯಾಮೆ ನೋಡಿದವರು, ಉಗುರಿನ ಕಾಲು ಬರೆಯುತ್ತಾರೆ. ನಮ್ಮ ದಡಕ್ಕೆ ಬರುವ ಆಲಿವ್ ರಿಡ್ಲೆ ಕಡಲಾಮೆಗೆ ದೋಣಿಯ ಹುಟ್ಟಿನಂಥ ಚಪ್ಪಟೆ ಈಜುಗಾಲು. ಚಿಪ್ಪು ಹೃದಯದಾಕಾರದ್ದು, ಬೂದು ಬೆರೆತ ಹಸಿರು, ಸುಮಾರು ಎರಡು ಅಡಿ. ನಡುಸಾಲಿನ ಎರಡೂ ಪಕ್ಕ ಆರರಿಂದ ಒಂಬತ್ತು ಫಲಕಗಳು. ತಲೆ ಒಳಗೆ ಎಳೆದುಕೊಳ್ಳಲು ಬರುವುದಿಲ್ಲ. ಮರಿಗಳು ಕಡು ಬೂದು, ಹಸಿರಲ್ಲ.

ಊರಿನವರನ್ನು ಕೇಳದೆ ಬಲೆಯನ್ನು ಖಳನಾಯಕ ಮಾಡಬೇಡಿ. ದಡದಿಂದ ಎಳೆಯುವ ರಂಪಣಿ ಬಲೆ ಬರೆಯಬಹುದು, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುವುದನ್ನು ಬರೆಯಬಹುದು. ಬೆಳಕು ಮೀನುಗಾರಿಕೆ (ದೀಪ ಹಾಕಿ ಮೀನು ಸೆಳೆದು ಹಿಡಿಯುವುದು), ಬುಲ್ ಟ್ರಾಲಿಂಗ್ (ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವುದು) ನಿಷೇಧವಾಗಿವೆ ನಿಜ. ಆದರೆ ಅದು ಊರೊಳಗಿನ ಜಗಳದ ವಿಷಯ, ಹೊರಗಿನಿಂದ ಬಂದ ವಿದ್ಯಾರ್ಥಿಗಳು ಗೋಡೆಗೇರಿಸುವುದು ಬೇಡ.

ಬೆಳಗಾವಿಯ ಗೋಡೆಗೆ ಚಿತ್ರವೇ ಬೇರೆಯಾಗಬೇಕು. ನಮ್ಮ ಚರಂಡಿಯ ಪ್ಲಾಸ್ಟಿಕ್ ಕಾರವಾರಕ್ಕೆ ಹೋಗುವುದಿಲ್ಲ. ನಮ್ಮೂರಿನ ಕೊಳಚೆ ಹೊತ್ತು ಹರಿಯುವ ಬಳ್ಳಾರಿ ನಾಲಾದ ನೀರು ಮಾರ್ಕಂಡೇಯ ನದಿಗೆ, ಅಲ್ಲಿಂದ ಘಟಪ್ರಭೆಗೆ, ಕೃಷ್ಣೆಗೆ, ಆಲಮಟ್ಟಿ ದಾಟಿ ಬಂಗಾಳ ಕೊಲ್ಲಿಗೆ. 40 ಅಡಿ ಉದ್ದ ಇದಕ್ಕೇ ಹೇಳಿ ಮಾಡಿಸಿದಂತಿದೆ: ಎಡತುದಿಯಲ್ಲಿ ನಾಲಾ, ನಡುವೆ ಮಾರ್ಕಂಡೇಯದ ಗೊಡಚಿನಮಲ್ಕಿ ಜಲಪಾತ, ಮುಂದೆ ಆಲಮಟ್ಟಿ, ಬಲತುದಿಯಲ್ಲಿ ಕೃಷ್ಣೆಯ ಮುಖಜ ಭೂಮಿಯ ಕಾಂಡ್ಲಾ ಕಾಡು (ಉಪ್ಪುನೀರಿನಲ್ಲಿ ಬೆಳೆಯುವ ಮರಗಳದು) ಮತ್ತು ಅಲ್ಲಿರುವ ಮೀನುಗಾರ ಬೆಕ್ಕು ಎಂಬ ಕಾಡುಬೆಕ್ಕು. ಕಸ ಕಡಲಿನ ತನಕ ಹೋಗುವುದಕ್ಕಿಂತ ದಾರಿಯ ಅಣೆಕಟ್ಟುಗಳ ಹಿನ್ನೀರಿನಲ್ಲಿ ನಿಲ್ಲುವುದೂ ಇದೆ, ಅದನ್ನೂ ತೋರಿಸಿ.

ಕೇಳಿದವರು

ತುಂಬಾ ಉಪಕಾರ ಆಯ್ತು. ಬಳ್ಳಾರಿ ನಾಲಾದಿಂದಲೇ ಶುರು ಮಾಡುತ್ತೇವೆ. ಬ್ರಷ್ ತೊಳೆದ ನೀರನ್ನು ಶಾಲೆಯ ಮೋರಿಗೆ ಬಿಡಬಹುದಾ?

ಸಿವಿಲ್ ಎಂಜಿನಿಯರ್, ಊರು ಖಾನಾಪುರ

ಬಿಡಬೇಡಿ. ಎಮಲ್ಷನ್ ಒಣಗಿದರೆ ಪ್ಲಾಸ್ಟಿಕ್ಕೇ. ಮೂರು ಬಕೆಟ್ ಸಾಲಾಗಿಡಿ. ಬ್ರಷ್‌ನ ಬಣ್ಣವನ್ನು ಮೊದಲು ಹಳೇ ಪೇಪರಿಗೆ ಒರೆಸಿ, ಮೊದಲನೇ ಬಕೆಟ್‌ನಲ್ಲಿ ಕೊಳೆ ತೊಳೆದು, ಎರಡು ಮತ್ತು ಮೂರರಲ್ಲಿ ಜಾಲಿಸಿ. ಸಂಜೆ ಪಟಕದ ಪುಡಿ ಹಾಕಿ ಕಲಕಿದರೆ ಬೆಳಗಾಗುವಷ್ಟರಲ್ಲಿ ಬಣ್ಣ ತಳಕ್ಕೆ ಇಳಿದಿರುತ್ತದೆ. ಮೇಲಿನ ತಿಳಿಯನ್ನು ಮರುದಿನ ಮೊದಲ ಬಕೆಟ್‌ಗೆ ಬಳಸಿ. ತಳದ ಗಸಿಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಕಲಸಿ ಒಣಗಿಸಿ, ಒಣಕಸಕ್ಕೆ ಕೊಡಿ. ಕೆರೆದ ಹಳೇ ಬಣ್ಣ ಬೀಳಲು ಗೋಡೆಯ ಬುಡಕ್ಕೆ ತಾಡಪಾಲು ಹಾಸಿರಿ.

ಪೇಂಟಿಂಗ್ ಗುತ್ತಿಗೆದಾರರು, ಬಾಗಲಕೋಟೆ

ಮೇಡಂ, ಇನ್ನೊಂದು ಮರತಿದ್ದೆ. ಕೆಳಗಿನ ಒಂದು ಅಡಿಗೆ ಚಿತ್ರ ಬ್ಯಾಡ, ಕಾವಿ ಪಟ್ಟಿ ಹೊಡೀರಿ. ಮಳಿ ನೀರು ಸಿಡದು ಅಲ್ಲೇ ಮಣ್ಣು ಹತ್ತೂದು, ಎಲಿ ಅಡಿಕಿ ಉಗುಳೂದೂ ಅಲ್ಲೇ. ಪ್ರತಿ ಬಣ್ಣದಾಗ 200 ಮಿ.ಲೀ. ತಗದು ಗಾಳಿ ಹೋಗದ ಡಬ್ಬ್ಯಾಗ ಹಾಕಿ, ಅಂಗಡಿಯವರ ಶೇಡ್ ನಂಬರ್ ಮ್ಯಾಲೆ ಬರದು ಸಾಲಿ ಹೆಡ್ ಮಾಸ್ತರರ ಕೈಯಾಗ ಕೊಟ್ಟು ಬರ್ರಿ. ಮುಂದ ಒಂದು ಚಕ್ಕೆ ಎದ್ರ ಅದ ಬಣ್ಣ ಹುಡಕ್ಕೋತ ಬೆಳಗಾವಿಗೆ ಬರೂದು ತಪ್ಪತೈತಿ.